ಅಡ್ಡ ಕೊಯ್ಯುವ ಗರಗಸ: ಕಲಬುರಗಿಯ ಕಟ್ಟಿಗೆ ಕೆಲಸದಲ್ಲಿ ನನ್ನ ಅನುಭವ

ನಮ್ಮ ಕಡೆ ಎಷ್ಟೋ ಕಾರ್ಖಾನೆಗಳಲ್ಲಿ ಅಡ್ಡ ಕೊಯ್ಯಲು ಬೇರೆ ಯಂತ್ರವೇ ಇರುವುದಿಲ್ಲ. ರಂಧಾ ಮಷೀನಿಗೆ (ಕಟ್ಟಿಗೆ ಹೆರೆದು ನಯ ಮಾಡುವ ಯಂತ್ರಕ್ಕೆ) ಜೋಡಿಸಿದ ಸರ್ಕ್ಯುಲರ್ ಬ್ಲೇಡಿನ ಮೇಲೆ ಚೌಕಟ್ಟಿನ 7 ಅಡಿ ಕಾಲನ್ನು (ನೆಟ್ಟಗೆ ನಿಲ್ಲುವ ಪಟ್ಟಿಯನ್ನು) ಅಡ್ಡ ಹಿಡಿದು ಇಬ್ಬರು ನೂಕುತ್ತಾರೆ. ಒಬ್ಬನ ಕೈ ತುಸು ಹಿಂದುಳಿದರೂ ಕಟ್ಟಿಗೆ ತಿರುಗಿ ಬ್ಲೇಡಿಗೆ ಸಿಕ್ಕಿಕೊಂಡು ಎಗರುತ್ತದೆ. ಗುಣ್ಯಾ, ಅಂದರೆ 90 ಡಿಗ್ರಿಯ ಮೂಲೆ, ಅಂತೂ ಕೂಡುವುದಿಲ್ಲ. ಅಡ್ಡ ಕೊಯ್ಯುವಾಗ ಕಟ್ಟಿಗೆ ನಿಲ್ಲಬೇಕು, ಬ್ಲೇಡು ಓಡಾಡಬೇಕು.

ಬಾಗಿಲು, ಕಿಟಕಿ ಚೌಕಟ್ಟಿನ ಕೆಲಸಕ್ಕೆ 12 ಇಂಚಿನ ಬ್ಲೇಡಿನ ಸ್ಲೈಡಿಂಗ್ ಮೈಟರ್ ಸಾ (ಬ್ಲೇಡನ್ನು ಮೇಲಿಂದ ಇಳಿಸಿ, ಹಿಂದೆ ಮುಂದೆ ಜಾರಿಸಿ ಕೊಯ್ಯುವ ಗರಗಸ) ಸಾಕು. 10 ಇಂಚಿನ ಸಾದಾ ಯಂತ್ರದಲ್ಲಿ 5×3 ಇಂಚಿನ ಕಟ್ಟಿಗೆ ಯಂತ್ರದ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ. ಕಪನೂರು, ಕೊಳಾರ, ಕಡೇಚೂರಿನಂಥ ಕೈಗಾರಿಕಾ ಪ್ರದೇಶಗಳಿಗೆ ಪ್ಯಾಲೆಟ್, ಪ್ಯಾಕಿಂಗ್ ಪೆಟ್ಟಿಗೆ ಮಾಡಿ ಕೊಡುವವರು ಅಪ್‌ಕಟ್ ಸಾ ನೋಡಬೇಕು. ಅದರಲ್ಲಿ ಗಾಳಿಯ ಕ್ಲಾಂಪ್ ಮೊದಲು ಕಟ್ಟಿಗೆಯನ್ನು ಒತ್ತಿ ಹಿಡಿಯುತ್ತದೆ, ಬ್ಲೇಡು ಆಮೇಲೆ ಮೇಜಿನ ಕೆಳಗಿಂದ ಮೇಲೇಳುತ್ತದೆ. ಎರಡೂ ಕೈಯಿಂದ ಎರಡು ಬಟನ್ ಒತ್ತಿದರಷ್ಟೇ ನಡೆಯುವಂಥದ್ದನ್ನೇ ಕೊಳ್ಳಿ. ಯಂತ್ರ ಯಾವುದೇ ಇರಲಿ, ಅದರ ಎರಡೂ ಬದಿಗೆ ಅದೇ ಎತ್ತರದ ಉದ್ದ ಬೆಂಚು ಬೇಕು. ದುಬಾರಿ ಯಂತ್ರ ತಂದು ಕಟ್ಟಿಗೆಯ ತುದಿಗೆ ಇಟ್ಟಿಗೆ ಪೇರಿಸಿಡುವವರೇ ಹೆಚ್ಚು.

ಬ್ಲೇಡಿನ ಆಯ್ಕೆಯಲ್ಲಿ ಹಲ್ಲಿನ ಸಂಖ್ಯೆಯಷ್ಟೇ ಅದರ ಓರೆಯೂ ಮುಖ್ಯ. ಉದ್ದ ಸೀಳುವ ಬ್ಲೇಡಿನ ಹಲ್ಲು 15ರಿಂದ 20 ಡಿಗ್ರಿ ಮುಂದಕ್ಕೆ ವಾಲಿರುತ್ತದೆ. ಅದನ್ನೇ ಮೈಟರ್ ಸಾಗೆ ಅಥವಾ ರೇಡಿಯಲ್ ಆರ್ಮ್ ಸಾಗೆ (ಮೇಲಿನ ತೋಳಿನಲ್ಲಿ ಬ್ಲೇಡು ಓಡಾಡುವ ಗರಗಸಕ್ಕೆ) ಹಾಕಿದರೆ ಬ್ಲೇಡು ತಾನಾಗಿಯೇ ಕಟ್ಟಿಗೆಯೊಳಗೆ ನುಗ್ಗುತ್ತದೆ. ಈ ಯಂತ್ರಗಳಿಗೆ ಸೊನ್ನೆಯಿಂದ ಮೈನಸ್ 5 ಡಿಗ್ರಿಯ (ನೆಟ್ಟಗಿರುವ ಅಥವಾ ತುಸು ಹಿಂದಕ್ಕೆ ವಾಲಿದ), ಒಂದು ಬಿಟ್ಟು ಒಂದು ಎಡಬಲ ಓರೆ ಮಸೆದ ಕಾರ್ಬೈಡ್ ಹಲ್ಲು ಸರಿ. ಬೇವು, ಜಾಲಿ, ಸಾಗವಾನಿಯ ದಪ್ಪ ತುಂಡುಗಳಿಗೆ ನಾನು 60 ಹಲ್ಲು ಹಾಕುತ್ತೇನೆ. ಪ್ಲೈ, ಲ್ಯಾಮಿನೇಟ್‌ಗೆ 80ಕ್ಕಿಂತ ಮೇಲೆ. ಹಸಿ ಜಾಲಿಗೆ 96 ಹಲ್ಲು ಹಾಕಿದರೆ ಹಲ್ಲಿನ ಸಂದಿಯಲ್ಲಿ ಹೊಟ್ಟು ತುಂಬಿ ಕೊಯ್ದ ಮುಖ ಕಪ್ಪಾಗುತ್ತದೆ. ಆಗ ಬ್ಲೇಡು ಮೊಂಡಾಯಿತೆಂದು ಸಾಣೆಗೆ ಕಳಿಸಬೇಡಿ. ಮೊದಲು ಬಿಸಿ ಸೋಪಿನ ನೀರಲ್ಲಿ ನೆನೆಸಿ, ನೈಲಾನ್ ಬ್ರಷ್‌ನಿಂದ ಅಂಟು ತೆಗೆದು ನೋಡಿ. ಚಾಕುವಿನಿಂದ ಕೆರೆದರೆ ಕಾರ್ಬೈಡ್ ಚಕ್ಕೆ ಏಳುತ್ತದೆ.

ಗುಣ್ಯಾ ಪರೀಕ್ಷೆಗೆ ಅಗಲವಾದ ಪ್ಲೈ ತುಂಡನ್ನು ಕೊಯ್ದು, ಒಂದು ಅರ್ಧವನ್ನು ಮಗುಚಿ, ಎರಡನ್ನೂ ಫೆನ್ಸಿಗೆ (ಯಂತ್ರದಲ್ಲಿ ಕಟ್ಟಿಗೆ ಒರಗಿಸುವ ನೇರ ಪಟ್ಟಿಗೆ) ಒತ್ತಿ ಕೂಡಿಸಿ. ಕಾಣುವ ಸಂದಿ ನಿಜವಾದ ತಪ್ಪಿನ ಎರಡರಷ್ಟು. ಇದನ್ನು ಹಗುರಾಗಿ ಬಿಡುವಂತಿಲ್ಲ. 125 ಮಿಲಿಮೀಟರ್ ಅಗಲಕ್ಕೆ ಅರ್ಧ ಮಿಲಿಮೀಟರ್ ಓರೆಯಾದರೆ 7 ಅಡಿ ಕಾಲಿನ ತುದಿಯಲ್ಲಿ ಅದು 8 ಮಿಲಿಮೀಟರ್ ದಾಟುತ್ತದೆ.

ಒಂದೇ ಅಳತೆಯ ತುಂಡುಗಳಿಗೆ ಸ್ಟಾಪ್ (ಕಟ್ಟಿಗೆಯ ತುದಿ ತಾಗಿ ನಿಲ್ಲುವ ತಡೆ) ಇಡುವಾಗ ಅದನ್ನು ಬೆಂಚಿನಿಂದ 5 ಮಿಲಿಮೀಟರ್ ಎತ್ತರಿಸಿ ಕೂಡಿಸಿ, ಹೊಟ್ಟು ಅಡಿಯಿಂದ ಸರಿದುಹೋಗಲಿ. ಇಲ್ಲವಾದರೆ ಸ್ಟಾಪಿಗೆ ಅಂಟಿದ ಹೊಟ್ಟಿನಷ್ಟು ತುಂಡು ಗಿಡ್ಡಾಗುತ್ತ ಹೋಗುತ್ತದೆ. ಸ್ಟಾಪ್ ಇರುವ ಕಡೆಯ ತುಂಡನ್ನೇ ಕ್ಲಾಂಪ್ ಮಾಡಬೇಕು. ಅದು ಸಡಿಲವಿದ್ದರೆ ಬ್ಲೇಡಿಗೂ ಸ್ಟಾಪಿಗೂ ನಡುವೆ ಸಿಕ್ಕಿ ಹಾರುತ್ತದೆ. ಬಾಗಿದ ಕಟ್ಟಿಗೆಯ ಉಬ್ಬು ಫೆನ್ಸಿನ ಕಡೆಗಿರಲಿ, ಕೊಯ್ಯುವ ಗೆರೆಯಲ್ಲಿ ಸಂದಿ ಇರಬಾರದು. ಕೈ ಬ್ಲೇಡಿನಿಂದ 6 ಇಂಚು ದೂರ.

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಅಡ್ಡೆಯಲ್ಲಿ ಬಿದ್ದ ಕಟ್ಟಿಗೆಯ ತುದಿಗಳು ಬಿರಿಯುತ್ತವೆ. ಹಾಗಾಗಿ ಎರಡೂ ತುದಿಗೆ 40 ಮಿಲಿಮೀಟರ್ ಬಿಟ್ಟೇ ಲೆಕ್ಕ ಹಿಡಿಯುತ್ತೇನೆ, ಬಿರುಕು ಇನ್ನೂ ಒಳಗಿದ್ದರೆ ಇನ್ನಷ್ಟು. 7×3½ ಅಡಿಯ, ಕೆಳಗೆ ಹೊಸ್ತಿಲಿರುವ ಚೌಕಟ್ಟು ಎಂದುಕೊಳ್ಳಿ. 10 ಅಡಿ ಕಟ್ಟಿಗೆಯಲ್ಲಿ ಒಂದು ಕಾಲು ತೆಗೆದರೆ ಉಳಿಯುವುದು 830 ಮಿಲಿಮೀಟರ್, ಅಡ್ಡಪಟ್ಟಿಗೆ ಸಾಲದು. 11 ಅಡಿಯದರಲ್ಲಿ ಒಂದು ಕಾಲು, ಒಂದು ಅಡ್ಡಪಟ್ಟಿ ಎರಡೂ ಬರುತ್ತವೆ. ತುದಿಗಳ 80, ಮೂರು ಕೊಯ್ತದ 10 ಮಿಲಿಮೀಟರ್ ಕಳೆದರೂ 60ರಷ್ಟು ಉಳಿಯುತ್ತದೆ. ಅಂಥ ಎರಡು ತಂದರೆ ಒಂದು ಚೌಕಟ್ಟು ಪೂರ್ತಿ. ಎಂದಿಗೂ ಉದ್ದನೆಯ ತುಂಡು ಮೊದಲು.

ವೋಲ್ಟೇಜ್ 230ರಿಂದ 190ಕ್ಕೆ ಇಳಿದರೆ ಇಂಡಕ್ಷನ್ ಮೋಟಾರಿನ ತಿರುಗುಬಲ ಮೂರನೇ ಒಂದು ಭಾಗದಷ್ಟು ಹೋಗುತ್ತದೆ. ಬ್ಲೇಡು ತಡವರಿಸಿದಾಗ ಒತ್ತಡ ಹೆಚ್ಚಿಸಿದರೆ ವೈಂಡಿಂಗ್ ಸುಡುತ್ತದೆ. 2 ಎಚ್‌ಪಿ ಸಿಂಗಲ್ ಫೇಸ್ ಯಂತ್ರಕ್ಕೆ 2.5 ಚದರ ಮಿಲಿಮೀಟರ್ ವೈರ್, ದೂರ ಹೆಚ್ಚಿದ್ದರೆ 4.

ಹಳೆಯ ಮಣ್ಣಿನ ಮಾಳಿಗೆ ಮನೆ ಕೆಡವಿದಾಗ ಸಿಗುವ ಸಾಗವಾನಿ ತೊಲೆ, ಜಂತಿ ಬೀದರ್ ಕಡೆಯಿಂದಲೂ ಬರುತ್ತವೆ. ಮರ ಒಣಗಿ ಹದವಾಗಿರುತ್ತದೆ, ಬೆಲೆಯೂ ಎಟುಕುತ್ತದೆ. ಆದರೆ ಬಿರುಕಿನೊಳಗೆ ಮಾಳಿಗೆಯ ಮಣ್ಣು, ಒಳಗೆಲ್ಲೋ ಮುರಿದ ಮೊಳೆ. ತಂತಿ ಬ್ರಷ್‌ನಿಂದ ಉಜ್ಜಿ, ನಾಲ್ಕೂ ಮುಖಕ್ಕೆ ಮ್ಯಾಗ್ನೆಟ್ ಆಡಿಸಿ, ಮೊಳೆ ಕಿತ್ತ ಮೇಲೆಯೇ ಯಂತ್ರಕ್ಕೆ. ಅದಕ್ಕೂ ಹೊಸ ಬ್ಲೇಡಲ್ಲ, ಸಾಣೆ ಮುಗಿಯುತ್ತ ಬಂದ ಹಳೆಯದನ್ನೇ ಹಾಕುವುದು.