‘ರೌಜ್’ ಕ್ರಿಯಾಪದವನ್ನು ಬಳಸುವುದು ಹೇಗೆ?

ನಿದ್ದೆಯಿಂದ ಎಬ್ಬಿಸುವುದಕ್ಕೂ ಸಿಟ್ಟೆಬ್ಬಿಸುವುದಕ್ಕೂ ಜನರನ್ನು ಹೋರಾಟಕ್ಕೆ ಹುರಿದುಂಬಿಸುವುದಕ್ಕೂ ಇಂಗ್ಲಿಷಿನಲ್ಲಿ ಒದಗಿಬರುವ ಕ್ರಿಯಾಪದ ‘ರೌಜ್’. ಆರ್, ಓ, ಯು, ಎಸ್, ಇ ಎಂಬ ಐದು ಅಕ್ಷರಗಳ ಈ ಪದದ ಕೊನೆಯಲ್ಲಿ ಬರೆಯುವುದು ಎಸ್ ಆದರೂ ಉಚ್ಚಾರದಲ್ಲಿ ಕೇಳಿಸುವುದು ಝಡ್ ಅಕ್ಷರದ ಧ್ವನಿ.

ಮೊದಲು ವಾಕ್ಯದಲ್ಲಿ ಕರ್ಮಪದ ಇದೆಯೇ ಎಂದು ನೋಡಿಕೊಳ್ಳಬೇಕು. ‘ಎದ್ದೆ’, ‘ಎಬ್ಬಿಸಿದೆ’ ಎಂಬ ವ್ಯತ್ಯಾಸದಲ್ಲಿ ಕನ್ನಡಿಗರು ತಪ್ಪುವುದಿಲ್ಲ. ಆದರೆ ಇಂಗ್ಲಿಷಿನ ‘ವೇಕ್’ ಈ ಎರಡೂ ಅರ್ಥಗಳಲ್ಲಿ ಬರುವುದರಿಂದ ‘ರೌಜ್’ ಕೂಡ ಹಾಗೆಯೇ ಎಂದು ಭಾವಿಸುವುದುಂಟು. ಇಂದಿನ ಬಳಕೆಯಲ್ಲಿ ಅದು ಹೆಚ್ಚಾಗಿ ಸಕರ್ಮಕ. ಬೆಳಿಗ್ಗೆ ಆರಕ್ಕೆ ಎದ್ದೆ ಎನ್ನಲು ‘ಐ ವೋಕ್ ಅಪ್ ಅಟ್ ಸಿಕ್ಸ್’ ಎಂದರೆ ಸಾಕು. ಗದ್ದಲವು ಮಗುವನ್ನು ಎಬ್ಬಿಸಿತು ಎನ್ನುವಾಗ ‘ದ ನಾಯ್ಸ್ ರೌಜ್ಡ್ ದ ಚೈಲ್ಡ್’ ಎನ್ನಬಹುದು. ಗಾಢ ನಿದ್ದೆಯಲ್ಲಿರುವವರನ್ನು ಅಥವಾ ಪ್ರಜ್ಞೆ ಮಸುಕಾದವರನ್ನು ಅಲುಗಾಡಿಸಿ, ಪ್ರಯತ್ನಪಟ್ಟು ಎಚ್ಚರಗೊಳಿಸುವ ಸಂದರ್ಭಕ್ಕೆ ಈ ಪದ ಹೆಚ್ಚು ಒಪ್ಪುತ್ತದೆ. ರೋಗಿಯನ್ನು ಎಚ್ಚರಿಸಲಾಗಲಿಲ್ಲ ಎಂದು ವೈದ್ಯರು ಬರೆಯುವಾಗಲೂ ಇದನ್ನೇ ಬಳಸುವುದುಂಟು.

ಅನಂತರ ವಿಭಕ್ತಿಯ ಕೆಲಸ ಮಾಡುವ ಪದವನ್ನು ಆರಿಸಿಕೊಳ್ಳಬೇಕು. ಯಾವುದರಿಂದ ಎಬ್ಬಿಸಿದ್ದು ಎಂದು ಹೇಳಲು ‘ಫ್ರಂ’, ಯಾವುದಕ್ಕೆ ಎಬ್ಬಿಸಿದ್ದು ಎಂದು ಹೇಳಲು ‘ಟು’: ‘ರೌಜ್ಡ್ ಫ್ರಂ ಸ್ಲೀಪ್’, ‘ರೌಜ್ಡ್ ಟು ಆ್ಯಕ್ಷನ್’. ಜಡತೆ ಬಿಟ್ಟು ತಾನೇ ಎದ್ದವನ ಬಗ್ಗೆ ಹೇಳುವಾಗ ‘ಹಿ ರೌಜ್ಡ್ ಹಿಮ್‌ಸೆಲ್ಫ್’ ಎನ್ನುತ್ತಾರೆ. ಇದಕ್ಕೆ ‘ಅವನು ತನ್ನನ್ನು ತಾನು ಎಬ್ಬಿಸಿಕೊಂಡನು’ ಎಂಬ ಪೆಡಸು ಅನುವಾದ ಬೇಡ, ‘ಮೈಕೊಡವಿ ಎದ್ದ’ ಎಂದರೆ ಅಚ್ಚುಕಟ್ಟಾಗಿ ಹೊಂದುತ್ತದೆ. ಈ ಹೊಂದಿಕೆಗೆ ಇನ್ನೊಂದು ಸ್ವಾರಸ್ಯವೂ ಇದೆ. ಇಂಗ್ಲಿಷಿನಲ್ಲಿ ಈ ಪದ ಮೊದಲಿಗೆ ಬೇಟೆಗಾರರ ಮಾತಾಗಿತ್ತು. ಪೊದೆಯಲ್ಲಿ ಅಡಗಿದ ಪ್ರಾಣಿಯನ್ನು ಎಬ್ಬಿಸಿ ಹೊರಡಿಸುವುದಕ್ಕೂ ಬೇಟೆಯ ಡೇಗೆ ಹಕ್ಕಿಯು ಗರಿಗಳನ್ನು ನಿಮಿರಿಸಿ ಮೈಕೊಡವುವುದಕ್ಕೂ ಅದನ್ನು ಬಳಸುತ್ತಿದ್ದರು, ಡೇಗೆ ಸಾಕುವವರು ಇಂದಿಗೂ ಬಳಸುತ್ತಾರೆ.

ಹೆಚ್ಚು ಎಚ್ಚರ ಬೇಕಾದದ್ದು ‘ರೌಜ್’ ಮತ್ತು ‘ಅರೌಜ್’ ಪದಗಳ ನಡುವಿನ ಆಯ್ಕೆಯಲ್ಲಿ. ಸಂಶಯ, ಕುತೂಹಲ, ಆಸಕ್ತಿ, ಅನುಕಂಪ ಮುಂತಾದ ಭಾವಗಳನ್ನು ಹುಟ್ಟಿಸುವುದಕ್ಕೆ ಸಾಮಾನ್ಯವಾಗಿ ‘ಅರೌಜ್’ ಬರುತ್ತದೆ. ವ್ಯಕ್ತಿಯನ್ನೋ ಗುಂಪನ್ನೋ ಎಚ್ಚರಿಸಿ ಕಾರ್ಯಕ್ಕೆ ಇಳಿಸುವುದಕ್ಕೆ ‘ರೌಜ್’ ಬರುತ್ತದೆ. ಕೋಪದ ವಿಷಯದಲ್ಲಿ ಎರಡೂ ನಡೆಯುತ್ತವೆ. ಆದರೆ ವ್ಯಕ್ತಿಯನ್ನು ಕರ್ಮವಾಗಿಸಿ ‘ಅರೌಜ್’ ಬಳಸಿದರೆ ಓದುಗರಿಗೆ ಥಟ್ಟನೆ ತೋಚುವುದು ಕಾಮೋದ್ರೇಕದ ಅರ್ಥ. ಭಾಷಣವು ವಿದ್ಯಾರ್ಥಿಗಳನ್ನು ಹುರಿದುಂಬಿಸಿತು ಎಂಬ ಸಭಾವರದಿಯಲ್ಲಿ ಒಂದು ‘ಅ’ಕಾರ ಹೆಚ್ಚಾದರೆ ಆಗುವ ಮುಜುಗರವನ್ನು ವಿವರಿಸಬೇಕಾಗಿಲ್ಲ.

ಇದರಿಂದ ಹುಟ್ಟಿದ ‘ರೌಜಿಂಗ್’ ಎಂಬ ವಿಶೇಷಣ ಸ್ವಾಗತಕ್ಕೆ ಸೇರಿದರೆ ಭರ್ಜರಿ ಸ್ವಾಗತ, ಭಾಷಣಕ್ಕೆ ಸೇರಿದರೆ ಸ್ಫೂರ್ತಿ ತುಂಬುವ ಭಾಷಣ. ‘ರ‍್ಯಾಬಲ್ ರೌಜರ್’ ಎಂಬುದು ಮಾತ್ರ ನಿಂದೆಯ ಮಾತು: ಜನರನ್ನು ಕೆರಳಿಸಿ ತನ್ನ ಬೇಳೆ ಬೇಯಿಸಿಕೊಳ್ಳುವವ ಎಂದರ್ಥ.

ಕೊನೆಯದಾಗಿ, ‘ಅರೌಜ್ಡ್’ ಪದವನ್ನು ‘ಅರೋಸ್’ ಜೊತೆ ಬೆರೆಸಬಾರದು. ಎರಡನೆಯದು ‘ಅರೈಸ್’ ಎಂಬ ಅಕರ್ಮಕ ಕ್ರಿಯಾಪದದ ಭೂತಕಾಲದ ರೂಪ. ಸಂದೇಹಗಳು ಎದ್ದವು ಎನ್ನಲು ‘ಡೌಟ್ಸ್ ಅರೋಸ್’. ಉತ್ತರವು ಸಂದೇಹಗಳನ್ನು ಎಬ್ಬಿಸಿತು ಎನ್ನಲು ‘ದ ಆನ್ಸರ್ ಅರೌಜ್ಡ್ ಡೌಟ್ಸ್’.