ಕಲಬುರಗಿ ಬಿಸಿಲಲ್ಲಿ ಎ.ಸಿ. ಇಲ್ಲದ ಮನೆ: ನನ್ನ ಅನುಭವ

ಏಪ್ರಿಲ್ ಕೊನೆ, ಮಧ್ಯಾಹ್ನ ಮೂರು ಗಂಟೆ. ಹೊರಗೆ 42 ಡಿಗ್ರಿ, ನಡುಮನೆಯಲ್ಲಿ 33ರ ಆಸುಪಾಸು. ಕೂಲರ್ ಕೂಡ ಇಲ್ಲ, ಫ್ಯಾನ್ ಮಾತ್ರ. ಮನೆಯ ಯಜಮಾನರಾದ ನಿವೃತ್ತ ಮಾಸ್ತರರು ಥರ್ಮಾಮೀಟರನ್ನು ಮತ್ತೆ ಮತ್ತೆ ನೋಡಿ, "ಇದು ಕೆಟ್ಟಿಲ್ಲ ತಾನೇ, ಸಾಹೇಬರೇ?" ಎಂದರು. ಈ ಮನೆ ಕಟ್ಟಿಸುತ್ತ ಎರಡು ವರ್ಷ ಎಲ್ಲರ ಅನುಮಾನ ಹೊತ್ತು ತಿರುಗಿದ ನನಗೆ ಆ ಪ್ರಶ್ನೆಯೇ ಸನ್ಮಾನ.

ಗೋಡೆಗೆ ರ್‍ಯಾಟ್ ಟ್ರ್ಯಾಪ್ ಬಾಂಡ್. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಗೋಡೆಯೊಳಗೆ ಪೊಳ್ಳು ಬಿಡುತ್ತ ಕಟ್ಟುವ ಈ ಪದ್ಧತಿಯನ್ನು ಕೇರಳದಲ್ಲಿ ಬಳಕೆಗೆ ತಂದವರು ವಾಸ್ತುಶಿಲ್ಪಿ ಲಾರಿ ಬೇಕರ್. ಆದರೆ ನಮ್ಮ ಗೌಂಡಿ, "ಒಳಗೆ ಪೊಳ್ಳು ಬಿಟ್ಟರೆ ಗೋಡೆ ನಿಲ್ಲುತ್ತದೆಯೇ?" ಎಂದು ಎರಡು ದಿನ ಕೆಲಸಕ್ಕೇ ಬರಲಿಲ್ಲ. ಬಂದ ಮೇಲೆ ಪೊಳ್ಳಿನೊಳಗೆಲ್ಲ ಮಾಲು (ಕಲಸಿದ ಗಾರೆ) ಸುರಿದ. ಮಾಲು ತುಂಬಿದರೆ ಬಿಸಿ ಸಲೀಸಾಗಿ ದಾಟುತ್ತದೆ. ನಾಲ್ಕು ಅಡಿ ಗೋಡೆ ಕೆಡವಿಸಿದೆ. ಆಮೇಲೆ ಪೊಳ್ಳಿನ ಅಗಲದ ಮರದ ಪಟ್ಟಿ ಇಟ್ಟು ಮಾಲು ಹಾಕಿ, ಪಟ್ಟಿ ಎತ್ತಿ ಮುಂದಕ್ಕೆ ಸರಿಸುವುದನ್ನು ಕಲಿಸಿದೆ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿತಾಯವಾಯಿತು. ಕೂಲಿ ಮಾತ್ರ ಹೆಚ್ಚಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಮಾಳಿಗೆಯಲ್ಲಿ. ಒಳಗಿನ ಗಾಳಿ ಬಿಸಿ ತಡೆಯಲೆಂದು ಸ್ಲ್ಯಾಬಿನ ಮೇಲೆ ಗಡಿಗೆ ಬೋರಲು ಹಾಕಿ, ಸಂದಿಗೆ ಸಿಮೆಂಟ್ ತುಂಬಿದೆ. ಬೇಸಿಗೆಗೆ ಕೂದಲೆಳೆಯ ಬಿರುಕು, ಮಳೆಗಾಲಕ್ಕೆ ಸೋರಿಕೆ. ಎಲ್ಲವನ್ನೂ ಕಿತ್ತೆಸೆದಾಗ ನಲವತ್ತು ಸಾವಿರ ನೀರಲ್ಲಿ ಹೋಯಿತು, ಅದೂ ನನ್ನ ಜೇಬಿನಿಂದ. ಎರಡನೇ ಸಲ ಸುಮಾರು ಸಾವಿರದ ಎಂಟುನೂರು ಗಡಿಗೆ, ಒಂದಕ್ಕೆ ಹದಿನೈದು ರೂಪಾಯಿ. ಸಂದಿಗೆ ಇಟ್ಟಿಗೆ ಚೂರು, ಸುಣ್ಣದ ಗಾರೆ. ಮೇಲೆ ಬಿಳಿ ಟೈಲ್ಸ್ ಚೂರು. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕಿದ್ದನ್ನು ಮುಚ್ಚಿಡುವುದಿಲ್ಲ. ಅಳತೆ ಮತ್ತು ಎಷ್ಟು ದಿನ ಕೊಳೆಸಿದೆ ಎಂಬುದು ಮಾತ್ರ ನನ್ನಲ್ಲೇ ಇರಲಿ. ಎರಡು ಮಳೆಗಾಲ ಕಳೆದಿವೆ, ಒಂದು ಹನಿ ಇಳಿದಿಲ್ಲ.

ನಡುವೆ ಪಶ್ಚಿಮದ ಕಿಟಕಿಗೆ ನೀರು ಚಿಮುಕಿಸುವ ಲಾವಂಚದ ಬೇರಿನ ತಟ್ಟಿಯನ್ನೂ ಕಟ್ಟಿ ನೋಡಿದೆ. ತಂಪು ಚೆನ್ನಾಗಿಯೇ ಬಂತು, ಪರಿಮಳವೂ ಬಂತು. ಆದರೆ ದಿನಕ್ಕೆ ನಾಲ್ಕೈದು ಕೊಡ ನೀರು! ಮೇ ತಿಂಗಳಲ್ಲಿ ಟ್ಯಾಂಕರ್ ಕಾಯುವ ಓಣಿಯಲ್ಲಿ ಅದು ಸಲ್ಲದು. ಬಿಚ್ಚಿಸಿದೆ.

ಇಷ್ಟಾದ ಮೇಲಿನ ಮೊದಲ ಬೇಸಿಗೆಯಲ್ಲೂ ಮನೆ ಕಾದ ಹಂಚಿನಂತಿತ್ತು. ಗಾಳಿಯಾಡಲಿ ಎಂದು ಹಗಲೆಲ್ಲ ಕಿಟಕಿ ತೆರೆಸಿದ್ದೆ. ಮಂಗಳೂರಿನ ಸೆಕೆಗೆ ಸರಿಹೋಗುವ ಉಪಾಯ ಇಲ್ಲಿ ಬಿಸಿಗಾಳಿಯನ್ನು ಒಳಗೆ ಕರೆಯುತ್ತದೆ. ಮಾಸ್ತರರ ತಾಯಿಯೇ ನನ್ನನ್ನು ತಿದ್ದಿದರು: "ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಬಿಸಿಲೇರುವ ಮುಂಚೆ ಕದ ಹಾಕುತ್ತಿದ್ದೆವಪ್ಪಾ, ರಾತ್ರಿ ತೆರೆಯುತ್ತಿದ್ದೆವು." ಛಾವಣಿಗೆ ತಾಗಿದಂತೆ ನಾಲ್ಕು ಗವಾಕ್ಷಿ (ಗಾಳಿಕಿಂಡಿ) ಕೊರೆಸಿ, ಮುಚ್ಚಳಕ್ಕೆ ಹಗ್ಗ ಕಟ್ಟಿಸಿದೆ. ಈಗ ಬೆಳಿಗ್ಗೆ ಎಂಟಕ್ಕೆ ಅಜ್ಜಿ ಹಗ್ಗ ಎಳೆದು ಮುಚ್ಚುತ್ತಾರೆ, ರಾತ್ರಿ ಒಂಬತ್ತಕ್ಕೆ ಸಡಿಲಿಸುತ್ತಾರೆ. ಬೆಳಗಿನ ಜಾವ ಫರಸಿ ಕಲ್ಲಿನ ನೆಲದ ಮೇಲೆ ಕಾಲಿಟ್ಟರೆ ಬಾವಿಕಟ್ಟೆಯ ತಂಪು.

ಮೇ ತಿಂಗಳ ಬಿಲ್ಲು ನೂರು ಯೂನಿಟ್ ದಾಟಲಿಲ್ಲ. ಎರಡು ಎ.ಸಿ. ಇರುವ ಪಕ್ಕದ ಮನೆಯದು ನಾನೂರರ ಮೇಲಿತ್ತು. ಆ ಮನೆಯವರೇ ಈಗ ಮಾಳಿಗೆ, ಗೋಡೆಗಳ ಅಳತೆಗೆ ನನ್ನನ್ನು ಕರೆದಿದ್ದಾರೆ. ಕೆಲಸಕ್ಕೆ ಬರುವುದು ಅದೇ ಗೌಂಡಿ, ಮರದ ಪಟ್ಟಿಯನ್ನು ಈ ಸಲ ಅವನೇ ಮಾಡಿಸಿಟ್ಟಿದ್ದಾನೆ.