ಹಾರ್ಡ್‌ಡಿಸ್ಕ್ ಬಿಚ್ಚುವ ಮುಂಚೆ

ಏಳನೇ ತಲೆಮಾರಿನ ಇಂಟೆಲ್ ಐ5 ಲ್ಯಾಪ್‌ಟಾಪ್, ಒಳಗೆ 1 ಟಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ ತೆರೆಯಲು ಹತ್ತು ನಿಮಿಷ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100%, ನಡುನಡುವೆ ಟಿಕ್ ಟಿಕ್ ಸದ್ದು. ಇಂಥ ಹೊತ್ತಲ್ಲಿ ಬಹಳ ಜನ ವಿಂಡೋಸ್‌ನ ತಪಾಸಣೆ ಕಮಾಂಡ್ ಚೆಕ್‌ಡಿಸ್ಕ್ ಓಡಿಸುತ್ತಾರೆ. ಅದು ರಿಪೇರಿ ಮಾಡುವುದು ಫೈಲ್ ಸಿಸ್ಟಮನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು, ಡಿಸ್ಕನ್ನಲ್ಲ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓದಿಸಿ, ಅದರ ಮೇಲೇ ಬರೆದು, ಉಳಿದದ್ದನ್ನೂ ಕೆಡಿಸಬಹುದು.

ನಾನು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದೆ. 8 ಜಿಬಿ ಪೆನ್‌ಡ್ರೈವ್ ಧಾರಾಳ. ವರದಿಯಲ್ಲಿ ನೋಡಬೇಕಾದ ಸಾಲುಗಳು 5, 197, 198. ಐದು ಅಂದರೆ ಕೆಟ್ಟು ಬದಲಿಯಾದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳು. 197 ಅಂದರೆ ಓದಲು ಬಾರದೆ ಬಾಕಿ ನಿಂತವು. 198 ಅಂದರೆ ಸರಿಪಡಿಸಲಾಗದವು. ನನ್ನದರಲ್ಲಿ 197ರ ಎದುರು 312 ಇತ್ತು, ಗಂಟೆ ಬಿಟ್ಟು ನೋಡಿದರೆ 340. ಇಷ್ಟಾದರೂ ವರದಿಯ ತಲೆಯಲ್ಲಿ 'ಪಾಸ್ಡ್' ಅಂತಲೇ ಇತ್ತು. ಆ ಒಂದು ಪದವನ್ನು ನಂಬಿ ಕೂರಬೇಡಿ.

ಫೈಲುಗಳನ್ನು ಕಾಪಿ-ಪೇಸ್ಟ್ ಮಾಡಿದರೆ ಮೊದಲ ಕೆಟ್ಟ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಕೆಟ್ಟ ಜಾಗ ದಾಟಿ ಇಡೀ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ತಂತ್ರಾಂಶ ಬೇಕು. ಮಿಂಟ್‌ನಲ್ಲಿ ಹಾಕಿಕೊಳ್ಳುವಾಗ ಪ್ಯಾಕೇಜಿನ ಹೆಸರಿನ ಆರಂಭಕ್ಕೆ ಒಂದು 'ಜಿ' ಸೇರಿಸಿ. ಮೊದಲ ಸುತ್ತಿಗೆ 'ಎನ್' ಆಯ್ಕೆ: ಸಲೀಸಾಗಿ ಬರುವುದನ್ನು ಎತ್ತಿಕೊ, ಕೆಟ್ಟಲ್ಲಿ ಗುದ್ದಾಡಬೇಡ ಅಂತ. ಎರಡನೇ ಸುತ್ತಿಗೆ 'ಡಿ' ಮತ್ತು 'ಆರ್3': ಉಳಿದ ಚೂರುಗಳಿಗೆ ಮೂರು ಸಲ ಪ್ರಯತ್ನ. ಇಮೇಜ್, ಅಂದರೆ ಇಡೀ ಡಿಸ್ಕಿನ ನಕಲು ಫೈಲ್, ಹೋಗಿದ್ದು 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕಿಗೆ. ಅದರ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗೇ ನಿಂತುಬಿಡುತ್ತದೆ. ಎಲ್ಲಿವರೆಗೆ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲೂ ಅಲ್ಲೇ ಇರಲಿ. ಲೈವ್ ಡೆಸ್ಕ್‌ಟಾಪ್ ಇರುವುದು ರ‍್ಯಾಮ್‌ನಲ್ಲಿ, ರೀಸ್ಟಾರ್ಟ್ ಆದರೆ ಮ್ಯಾಪ್ ಮಾಯ, ಮತ್ತೆ ಮೊದಲಿಂದ. ನನ್ನ ಡಿಸ್ಕ್ ಎರಡು ಸಲ ನಡುವೆಯೇ ಕಾಣೆಯಾಯಿತು. ಆಫ್ ಮಾಡಿ, ಆರಲು ಬಿಟ್ಟು, ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯಿತು. ಒಟ್ಟು 19 ಗಂಟೆ. ವಿಂಡೋಸ್‌ನ ಡಿಸ್ಕ್ ಬೀಗ ಬಿಟ್‌ಲಾಕರ್ ಹಾಕಿದ್ದ ಡಿಸ್ಕ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಇಲ್ಲದೆ ಈ ಇಮೇಜ್‌ನಿಂದ ಪ್ರಯೋಜನವಿಲ್ಲ.

ಡಿಸ್ಕ್ ಬದಲಿಸುವುದು ಕಾಲು ಗಂಟೆಯ ಕೆಲಸ. ತಂದದ್ದು 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 7 ಮಿ.ಮೀ. ದಪ್ಪ. ಹಳೆಯದು 9.5 ಮಿ.ಮೀ. ಇದ್ದು, ಗೂಡಿನಲ್ಲಿ ಬ್ರಾಕೆಟ್ ಇಲ್ಲದಿದ್ದರೆ ಹೊಸದು ಅಲ್ಲಾಡುತ್ತದೆ, 2.5 ಮಿ.ಮೀ. ಸ್ಪೇಸರ್ ಅಂಟಿಸಬೇಕು. ಚಾರ್ಜರ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದೆ. ನನ್ನ ಮಾದರಿಯಲ್ಲಿ ಡಿವಿಡಿ ಡ್ರೈವ್ ಎಳೆದ ಮೇಲೆ ಅದರ ಗೂಡಿನೊಳಗೆ ಮೂರು ಕಿರು ಸ್ಕ್ರೂ ಅಡಗಿದ್ದವು. ಅವನ್ನು ಬಿಡಿಸದೆ ಮುಚ್ಚಳ ಮೀಟಿದರೆ ಕೊಂಡಿಗಳು ಲಟಲಟನೆ ಮುರಿಯುತ್ತವೆ. ಮೀಟಲು ಹಳೇ ಎಟಿಎಂ ಕಾರ್ಡ್ ಸಾಕು, ಸ್ಕ್ರೂಡ್ರೈವರ್ ಬೇಡ. ಸ್ಕ್ರೂಗಳನ್ನು ಥರ್ಮಕೋಲ್ ತುಂಡಿನ ಮೇಲೆ, ಬಿಚ್ಚಿದ ಜಾಗದ ನಕ್ಷೆಯಂತೆಯೇ ಚುಚ್ಚಿಟ್ಟೆ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆ ಉಬ್ಬುತ್ತದೆ. ಒಳಗೆ ಮೊದಲು ಬಿಡಿಸಬೇಕಾದ್ದು ಬ್ಯಾಟರಿ ಕನೆಕ್ಟರ್.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ಈ ಪ್ರೊಸೆಸರ್ ಇಲ್ಲ, ಅಡ್ಡದಾರಿ ನನಗೆ ಬೇಡ. ಹಾಗಾಗಿ ಮಿಂಟನ್ನೇ ಹಾಕಿದೆ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದಿರುವುದನ್ನೇ ಆರಿಸಿ. ಇನ್‌ಸ್ಟಾಲ್ ಶುರು ಮಾಡುವ ಮೊದಲು ಎಕ್ಸ್‌ಟರ್ನಲ್ ಡಿಸ್ಕ್ ಕಿತ್ತಿಡಿ. 'ಡಿಸ್ಕ್ ಅಳಿಸು' ಎಂಬ ಗುಂಡಿ ಯಾವ ಡಿಸ್ಕಿಗೆ ಎಂದು ಒಂದು ಸಲ ತಪ್ಪಿದರೂ 19 ಗಂಟೆ ನೀರುಪಾಲು. 500 ಜಿಬಿ ಬದಲು 465 ಕಂಡರೆ ಅಂಗಡಿಯವರ ಮೋಸವಲ್ಲ, ಲೆಕ್ಕ ಹಾಕುವ ರೀತಿ ಬೇರೆ.

ಆಮೇಲೆ 'ಡಿಸ್ಕ್ಸ್' ತಂತ್ರಾಂಶದಲ್ಲಿ ಆ ಇಮೇಜನ್ನು ಓದಲಷ್ಟೇ ಬರುವಂತೆ ಜೋಡಿಸಿ ಫೈಲುಗಳನ್ನು ಎತ್ತಿಕೊಂಡೆ. ಹಳೇ 'ನುಡಿ' ತಂತ್ರಾಂಶದಲ್ಲಿ ಕುಟ್ಟಿದ ಕನ್ನಡ ಕಡತಗಳೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು. ಅವು ಯೂನಿಕೋಡ್ ಅಲ್ಲ, ಅವಕ್ಕೆ ಅದೇ ಫಾಂಟ್ ಬೇಕು. ಇಮೇಜಿನೊಳಗಿನ ವಿಂಡೋಸ್ ಫಾಂಟ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನು ಹೊಸದಕ್ಕೆ ಹಾಕಿದ ಮೇಲೆ ಲಿಬ್ರೆಆಫೀಸ್‌ನಲ್ಲಿ ಕನ್ನಡ ಬಂತು. ಟೈಪಿಂಗಿಗೆ ಲಿನಕ್ಸ್‌ನ ಭಾಷಾ ಇನ್‌ಪುಟ್ ತಂತ್ರಾಂಶ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿಗೆ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.